ಪಕ್ಕದ ಎರಡು ಕೌನ್ಸಿಲ್ ಜೊತೆ ಕಸ, ಸಂಬಳ, ಇಂಜಿನಿಯರ್ ಎಲ್ಲಾ ಹಂಚಿಕೊಳ್ಳೋಣ ಅಂತಿದ್ದಾರೆ, ಒಪ್ಪಬೇಕಾ?

ಹೊಸಮೆಂಬರ್

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಗೆದ್ದು ಒಂದು ಸಣ್ಣ ಊರಿನ ಕೌನ್ಸಿಲ್‌ಗೆ ಬಂದಿದ್ದೇನೆ. ಆಡಳಿತ ಗೊತ್ತಿಲ್ಲ, ಕಡತ ಓದುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ, ದಡ್ಡ ಪ್ರಶ್ನೆ ಅನಿಸಿದರೆ ಬೈಯಬೇಡಿ.

ವಿಷಯ ಇದು. ಅಕ್ಕಪಕ್ಕದ ಎರಡು ಕೌನ್ಸಿಲ್‌ಗಳು ಮತ್ತು ನಾವು ಸೇರಿ ಕೆಲವು ಸೇವೆಗಳನ್ನು ಒಟ್ಟಿಗೆ ನಡೆಸೋಣ ಅಂತ ಒಂದು ಪ್ರಸ್ತಾವ ಬಂದಿದೆ. ಕಸ ಸಂಗ್ರಹ, ಚರಂಡಿಯ ಸಕಿಂಗ್ ಮಷಿನ್, ಸಿಬ್ಬಂದಿಯ ಸಂಬಳದ ಕೆಲಸ, ತೆರಿಗೆ ಬಿಲ್ ಕಳಿಸೋದು, ಕಟ್ಟಡದ ನಕ್ಷೆ ನೋಡುವ ಇಂಜಿನಿಯರ್, ಕೊನೆಗೆ ಮೂರಕ್ಕೂ ಸೇರಿ ಒಬ್ಬರೇ ಮುಖ್ಯಾಧಿಕಾರಿ. ನಲವತ್ತು ಪುಟದ ವರದಿ ಕೊಟ್ಟಿದ್ದಾರೆ. ಅದರಲ್ಲಿ ಮೂವತ್ತೆಂಟು ಪುಟ ಬರೀ ಒಳ್ಳೊಳ್ಳೆ ಮಾತು. ಉಳಿದ ಎರಡು ಪುಟದಲ್ಲಿ ಲೆಕ್ಕ, ಅದರಲ್ಲೂ 'ನಿರೀಕ್ಷಿತ ಉಳಿತಾಯ' ಅಂತ ಒಂದು ಕಾಲಂ ಇದೆ, ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಿದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ.

ನನಗೆ ಎರಡು ಭಯ ಇದೆ. ಮೂರರಲ್ಲಿ ನಮ್ಮದೇ ಚಿಕ್ಕದು, ಇದು ನಮ್ಮನ್ನು ಮೆಲ್ಲಗೆ ದೊಡ್ಡದರಲ್ಲಿ ಕರಗಿಸುವ ಮೊದಲ ಹೆಜ್ಜೆಯಾ? ಆಮೇಲೆ, ನಾಳೆ ಚರಂಡಿ ಕಟ್ಟಿಕೊಂಡರೆ ಜನ ಬಂದು ತಟ್ಟೋದು ನನ್ನ ಮನೆ ಬಾಗಿಲು. ಅದನ್ನು ಪಕ್ಕದ ಊರಿನ ಆಫೀಸಿನವರು ನೋಡ್ತಾರೆ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗುತ್ತಾ?

ಹಾಗಂತ ಈಗಿನ ಸ್ಥಿತಿ ಚೆನ್ನಾಗಿದೆ ಅಂತಲೂ ಇಲ್ಲ. ಇರುವುದು ಒಬ್ಬರೇ ಇಂಜಿನಿಯರ್. ಅವರು ರಜೆ ಹಾಕಿದರೆ ನಕ್ಷೆಗಳೆಲ್ಲ ಮೇಜಿನ ಮೇಲೆ ಧೂಳು ತಿನ್ನುತ್ತವೆ. ಮುಂದಿನ ಸಭೆಯಲ್ಲಿ ಠರಾವು ಮಂಡಿಸುತ್ತಾರೆ. ಕೈ ಎತ್ತಬೇಕಾ ಬೇಡ್ವಾ? ಅನುಭವ ಇರುವವರು ಹೇಳಿ.

ಹಳೇಗುಮಾಸ್ತ

ಪ್ರಶ್ನೆ ದಡ್ಡದಲ್ಲ ಸರ್. ಮೂವತ್ತು ವರ್ಷ ಇಂಥ ಕಚೇರಿಗಳಲ್ಲೇ ಕಳೆದವನು ನಾನು, ಕೈ ಎತ್ತಿ ಆಮೇಲೆ ಕಡತ ಓದಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಆ ಪಟ್ಟಿಯನ್ನು ಒಡೆಯಿರಿ. ಆರು ಸೇವೆಗಳನ್ನು ಒಂದೇ ಠರಾವಿನಲ್ಲಿ ಕಟ್ಟಿ ತಂದಿದ್ದಾರೆ ಅಂದರೆ ಅಲ್ಲೇ ತಪ್ಪು ಶುರುವಾಗಿದೆ. ಸಂಬಳದ ಬಿಲ್ ಮಾಡುವುದು ಬೇರೆ ಜಾತಿಯ ಕೆಲಸ, ಕಟ್ಟಡ ಪರವಾನಗಿ ಕೊಡುವುದು ಬೇರೆ ಜಾತಿಯದು. ಸಂಬಳದ ಬಿಲ್‌ನಲ್ಲಿ ಯಾರ ಅಭಿಪ್ರಾಯವೂ ಇಲ್ಲ, ನಿಯಮ ಇದೆ, ಲೆಕ್ಕ ಇದೆ, ತಿಂಗಳ ಕೊನೆಗೆ ಹಣ ಖಾತೆಗೆ ಬೀಳಬೇಕು ಅಷ್ಟೇ. ಅದನ್ನು ಯಾವ ಊರಿನ ಯಾವ ಕೋಣೆಯಲ್ಲಿ ಕೂತು ಮಾಡಿದರೂ ಜನಕ್ಕೆ ಗೊತ್ತೇ ಆಗುವುದಿಲ್ಲ. ಪರವಾನಗಿ ಹಾಗಲ್ಲ. ಯಾವ ಬೀದಿಯಲ್ಲಿ ಎಷ್ಟು ಅಂತಸ್ತು ಬಿಡಬೇಕು, ಎಲ್ಲಿ ಅಂಗಡಿ ಬರಬಹುದು ಅನ್ನೋದು ಆಯಾ ಊರಿನವರು ಜಗಳ ಆಡಿ ತೀರ್ಮಾನ ಮಾಡಬೇಕಾದದ್ದು. ನಕ್ಷೆಯ ಅಳತೆ ನೋಡುವ ಇಂಜಿನಿಯರ್ ಒಬ್ಬರೇ ಇರಲಿ, ಪರವಾಗಿಲ್ಲ. ತೀರ್ಮಾನ ಮಾತ್ರ ನಿಮ್ಮ ಮೇಜಿನ ಮೇಲೇ ಆಗಬೇಕು.

ನಾನು ಕೆಲಸ ಮಾಡಿದ ಒಂದು ಕಡೆ ಸಕಿಂಗ್ ಮಷಿನ್ ಒಂದನ್ನು ಎರಡು ಕೌನ್ಸಿಲ್ ಸೇರಿ ಕೊಂಡವು. ಒಳ್ಳೆ ವಿಚಾರ, ಯಾಕಂದ್ರೆ ಅದು ಒಂದೇ ಊರಿನಲ್ಲಿ ಇದ್ದಾಗ ವಾರದಲ್ಲಿ ನಾಲ್ಕು ದಿನ ಸುಮ್ನೆ ನಿಂತಿರುತ್ತಿತ್ತು. ಬೇಸಿಗೆ ಪೂರ್ತಿ ಎಲ್ಲರೂ ಖುಷಿಯಾಗಿದ್ದರು. ಮಳೆ ಶುರುವಾದ ದಿನ ಎರಡೂ ಊರಿನಲ್ಲಿ ಒಟ್ಟಿಗೆ ಚರಂಡಿ ಉಕ್ಕಿತು. ಮಷಿನ್ ಯಾರ ಷೆಡ್‌ನಲ್ಲಿ ನಿಂತಿತ್ತೋ ಅವರ ಊರು ಮೊದಲು ಸ್ವಚ್ಛವಾಯಿತು, ಇನ್ನೊಂದು ಊರಿನ ಸದಸ್ಯರು ಬಂದು ನನ್ನ ಮೇಜು ಕುಟ್ಟಿದರು. ಒಪ್ಪಂದದಲ್ಲಿ ಡೀಸೆಲ್ ಯಾರು ಹಾಕಿಸಬೇಕು ಅಂತ ಇತ್ತು, ಟೈರ್ ಯಾರು ಬದಲಾಯಿಸಬೇಕು ಅಂತ ಇತ್ತು, ಎರಡು ಕಡೆಯಿಂದ ಒಂದೇ ಸಲ ಕರೆ ಬಂದರೆ ಮೊದಲು ಎಲ್ಲಿಗೆ ಹೋಗಬೇಕು ಅಂತ ಮಾತ್ರ ಒಂದು ಸಾಲೂ ಇರಲಿಲ್ಲ.

ಹಾಗಾಗಿ ಯಾವ ಸೇವೆ ಬಂದರೂ ಮೂರೇ ಪ್ರಶ್ನೆ ಕೇಳಿ. ಎಲ್ಲರಿಗೂ ಒಂದೇ ದಿನ ಬೇಕಾದಾಗ ಏನು ಮಾಡ್ತೀರಿ? ಜನ ಯಾವ ನಂಬರಿಗೆ ಫೋನ್ ಮಾಡಬೇಕು? ಬಿಟ್ಟು ಹೋಗಬೇಕು ಅಂದರೆ ಹೇಗೆ? ಮೂರನೆಯದಕ್ಕೆ ಅವರು ಈಗಲೇ ಅಪಶಕುನ ಯಾಕೆ ನುಡಿಯುತ್ತೀರಿ ಅಂದರೆ, ಕೈ ಕೆಳಗೇ ಇರಲಿ.

ಲೆಕ್ಕಪತ್ರ

ಗುಮಾಸ್ತರು ಹೇಳಿದ್ದಕ್ಕೆ ನನ್ನದೂ ಸಹಿ. ನಾನು ಆಡಿಟ್ ಕಡೆಯವನು, ಆ 'ನಿರೀಕ್ಷಿತ ಉಳಿತಾಯ' ಕಾಲಂ ಬಗ್ಗೆ ಮಾತ್ರ ಹೇಳುತ್ತೇನೆ.

ಹಂಚಿಕೊಂಡರೆ ಹಣ ಉಳಿಯುವುದು ಎಲ್ಲಿ ಅಂದರೆ, ಕೆಲಸ ಕಡಿಮೆ ಇದ್ದರೂ ಜಾಸ್ತಿ ಇದ್ದರೂ ಖರ್ಚು ಅಷ್ಟೇ ಇರುವ ಕಡೆ. ಸಾಫ್ಟ್‌ವೇರ್ ಲೈಸೆನ್ಸ್, ಗಾಡಿ ರಿಪೇರಿಯ ಷೆಡ್, ಕಾನೂನು ಸಲಹೆಗಾರರು, ವಿಶೇಷ ತರಬೇತಿ ಬೇಕಾದ ಇನ್ಸ್‌ಪೆಕ್ಟರ್. ಇವನ್ನು ಮೂರು ಕಡೆ ಇಟ್ಟುಕೊಂಡರೆ ಮೂರು ಪಟ್ಟು, ಒಂದು ಕಡೆ ಇಟ್ಟರೆ ಒಂದೂವರೆ ಪಟ್ಟು. ಬೀದಿ ಗುಡಿಸುವ ಕೆಲಸದಲ್ಲಿ ಏನೂ ಉಳಿಯಲ್ಲ, ಬೀದಿ ಎಷ್ಟು ಉದ್ದವೋ ಅಷ್ಟು ಉದ್ದವೇ, ಕೌನ್ಸಿಲ್ ಒಂದಾದ ಮಾತ್ರಕ್ಕೆ ರಸ್ತೆ ಗಿಡ್ಡ ಆಗುತ್ತಾ?

ಕಸದ ವಿಷಯದಲ್ಲಿ ತೀರಾ ಸಣ್ಣ ಊರುಗಳಿಗೆ ಲಾಭ ಇರುತ್ತದೆ. ಅರ್ಧ ತುಂಬಿದ ಲಾರಿ ವಿಲೇವಾರಿ ಜಾಗಕ್ಕೆ ಓಡುವ ಬದಲು ಪೂರ್ತಿ ತುಂಬಿ ಓಡುತ್ತದೆ. ಒಂದು ಹಂತ ದಾಟಿದ ಮೇಲೆ ಆ ಲಾಭ ನಿಲ್ಲುತ್ತದೆ, ಯಾಕಂದ್ರೆ ಲಾರಿ ಆಗಲೇ ತುಂಬಿ ಓಡುತ್ತಿರುತ್ತದೆ. ಊರುಗಳ ಮಧ್ಯೆ ದೂರ ಇದ್ದರೆ ಡೀಸೆಲ್ ಉಳಿತಾಯವನ್ನೆಲ್ಲ ಕುಡಿದುಬಿಡುತ್ತದೆ. ನಿಮ್ಮ ಮೂರು ಊರುಗಳು ಒಂದಕ್ಕೊಂದು ಅಂಟಿಕೊಂಡಿವೆಯಾ, ಮಧ್ಯೆ ಖಾಲಿ ದಾರಿ ಇದೆಯಾ? ವರದಿಯಲ್ಲಿ ಇದನ್ನು ಹೇಳಿದ್ದಾರಾ ನೋಡಿ.

ನೆದರ್ಲೆಂಡ್ಸ್‌ನಲ್ಲಿ ಇದು ಬಹಳ ವರ್ಷಗಳಿಂದ ನಡೆಯುತ್ತಿದೆ, ಅದಕ್ಕೆ 1950ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಅಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ ತೆರಿಗೆ ವಸೂಲಿಯನ್ನು ಒಟ್ಟು ಸೇರಿಸಿದ ಊರುಗಳಲ್ಲಿ ಆ ಕೆಲಸದ ಖರ್ಚು ಇಳಿದದ್ದು ಕಂಡಿತು, ಆದರೆ ಕೌನ್ಸಿಲ್‌ಗಳ ಒಟ್ಟು ಖರ್ಚು ಇಳಿದದ್ದು ಕಾಣಲಿಲ್ಲ. ಇದು ನನ್ನ ಅನುಭವಕ್ಕೂ ಸರಿಹೊಂದುತ್ತದೆ. ಬಿಲ್ ಮುದ್ರಿಸಿ ಕಳಿಸಿ ವಸೂಲಿ ಮಾಡೋ ಕೆಲಸ ಎಲ್ಲ ಊರಲ್ಲೂ ಒಂದೇ, ಅಲ್ಲಿ ಉಳಿಯುತ್ತದೆ. ಉಳಿದ ಕಡೆ ಉಳಿದದ್ದನ್ನು ಮೀಟಿಂಗ್‌ಗಳು ತಿನ್ನುತ್ತವೆ. ಮೂರು ಕೌನ್ಸಿಲ್‌ನ ಅಧಿಕಾರಿಗಳು ವಾರಕ್ಕೊಮ್ಮೆ ಕೂತು ಮಾತಾಡುವ ಸಮಯಕ್ಕೂ ಸಂಬಳ ಇದೆ ಸ್ವಾಮಿ, ಅದನ್ನು ಯಾರೂ ಕಾಲಂನಲ್ಲಿ ಬರೆಯಲ್ಲ.

ಇನ್ನೊಂದು. ಮೊದಲ ಎರಡು ವರ್ಷ ಖರ್ಚು ಜಾಸ್ತಿಯಾಗುತ್ತದೆ, ಕಡಿಮೆ ಆಗಲ್ಲ. ಹಳೆ ದಾಖಲೆ ಹೊಸ ಸಿಸ್ಟಂಗೆ ಹಾಕಬೇಕು. ಒಂದು ಕೌನ್ಸಿಲ್ ಮನೆ ನಂಬರನ್ನು ಒಂದು ರೀತಿ ಬರೆದಿರುತ್ತದೆ, ಇನ್ನೊಂದು ಇನ್ನೊಂದು ರೀತಿ. ನಾನು ನೋಡಿದ ಒಂದು ಪ್ರಕರಣದಲ್ಲಿ ಎರಡು ಊರಿನಲ್ಲೂ ಒಂದೇ ಹೆಸರಿನ ಬೀದಿ ಇತ್ತು, ಒಂದು ಬೀದಿಯವರ ತೆರಿಗೆ ಬಾಕಿ ನೋಟಿಸ್ ಇನ್ನೊಂದು ಬೀದಿಗೆ ಹೋಯಿತು. ನಗಬೇಡಿ, ಅದನ್ನು ಸರಿ ಮಾಡಲು ಎಂಟು ತಿಂಗಳು ಬೇಕಾಯಿತು.

ಪಾಲು ಹಂಚುವ ಸೂತ್ರವನ್ನೂ ಕೇಳಿ. ಜನಸಂಖ್ಯೆ ಲೆಕ್ಕದಲ್ಲಿ ಹಂಚಿದರೆ ದೊಡ್ಡ ಊರು ಗೊಣಗುತ್ತದೆ, ಸಮಪಾಲು ಅಂದರೆ ನಿಮ್ಮಂಥ ಚಿಕ್ಕ ಊರು ಸಾಯುತ್ತದೆ, ಬಳಸಿದಷ್ಟಕ್ಕೆ ಹಣ ಅಂದರೆ ಎಣಿಸುವುದಕ್ಕೇ ಒಬ್ಬ ಬೇಕು. ನನಗೆ ಸರಿ ಅನಿಸೋದು ಎರಡು ಭಾಗ ಮಾಡುವುದು. ನಿಂತ ಖರ್ಚನ್ನು, ಅಂದರೆ ಕೆಲಸ ಎಷ್ಟಿದ್ದರೂ ಬದಲಾಗದ್ದನ್ನು, ಜನಸಂಖ್ಯೆ ಮೇಲೆ ಹಂಚಿ, ಕೆಲಸ ಹೆಚ್ಚಾದಂತೆ ಹೆಚ್ಚುವ ಓಡುವ ಖರ್ಚನ್ನು ಟನ್ ಲೆಕ್ಕದಲ್ಲೋ ಬಿಲ್ ಲೆಕ್ಕದಲ್ಲೋ ಹಂಚಿ, ಮೂರು ವರ್ಷಕ್ಕೊಮ್ಮೆ ತಿರುಗಿ ನೋಡಿ.

ಒಂದೇಮಾತು

ಇಷ್ಟೆಲ್ಲ ಕಷ್ಟ ಯಾಕೆ? ಮೂರನ್ನೂ ಸೇರಿಸಿ ಒಂದೇ ಕೌನ್ಸಿಲ್ ಮಾಡಿ. ಡೆನ್ಮಾರ್ಕ್‌ನಲ್ಲಿ 2007ರಲ್ಲಿ 271 ಇದ್ದದ್ದನ್ನು 98 ಮಾಡಿದರು. ಆಕಾಶ ಬಿತ್ತಾ? ಹಂಚಿಕೊಳ್ಳೋದು ಅಂದರೆ ಮದುವೆಯೂ ಇಲ್ಲ, ಬಿಡುಗಡೆಯೂ ಇಲ್ಲ. ಮೂರು ಅಧ್ಯಕ್ಷರು, ಮೂರು ಕಾರು, ಮೂರು ಸಭಾಂಗಣ ಹಾಗೇ ಇರುತ್ತವೆ.

ಬೇಲಿಯಾಚೆ

ಒಂದೇಮಾತು ಅವರೇ, ಹೇಳೋದು ಸುಲಭ. ಡೆನ್ಮಾರ್ಕ್‌ನಲ್ಲಿ ಅದನ್ನು ದೇಶದ ಸರ್ಕಾರ ಕಾನೂನು ತಂದು ಮಾಡಿತು. ಒಂದು ಊರಿನ ಹೊಸ ಸದಸ್ಯರೊಬ್ಬರು ಕೈ ಎತ್ತಿ ಮಾಡುವ ಕೆಲಸ ಅದಲ್ಲ. ಸೇರಿಸದೇ ನಡೆಸುವ ದಾರಿಯೂ ಇದೆ, ಫ್ರಾನ್ಸ್ ನೋಡಿ. ಅಲ್ಲಿ ಇವತ್ತಿಗೂ ಸುಮಾರು 35,000 ಕೊಮ್ಯೂನ್‌ಗಳಿವೆ, ಅಂದರೆ ಸ್ವಂತ ಮೇಯರ್ ಇರುವ ಊರುಗಳು, ಕೆಲವಕ್ಕೆ ನೂರು ಜನ ಕೂಡ ಇಲ್ಲ. ಯಾರೂ ತಮ್ಮ ಮೇಯರ್ ಅನ್ನು ಬಿಟ್ಟುಕೊಡಲು ತಯಾರಿಲ್ಲ. ಅದಕ್ಕೆ 1890ರಷ್ಟು ಹಿಂದೆಯೇ, ಊರುಗಳು ಸೇರಿ ಒಂದು ಕೆಲಸಕ್ಕೆ ಅಂತ ಸಂಘ ಮಾಡಿಕೊಳ್ಳಬಹುದು ಅಂತ ಕಾನೂನು ಮಾಡಿದರು. ನೀರಿಗೆ ಒಂದು ಸಂಘ, ಆಮೇಲೆ ಕರೆಂಟಿಗೆ, ಕಸಕ್ಕೆ. ಈಗ ಅವೆಲ್ಲ ಬೆಳೆದು ಸ್ವಂತ ತೆರಿಗೆ ಹಾಕುವ ಒಕ್ಕೂಟಗಳೇ ಸಾವಿರದ ಇನ್ನೂರಕ್ಕಿಂತ ಹೆಚ್ಚಾಗಿವೆ, 2015ರ ಕಾನೂನು ಸಾಮಾನ್ಯವಾಗಿ ಒಂದೊಂದು ಒಕ್ಕೂಟದಲ್ಲಿ ಕನಿಷ್ಠ 15,000 ಜನ ಇರಬೇಕು ಅಂತ ಹೇಳಿತು. ಮೇಯರ್‌ಗಳು ಹಾಗೇ ಇದ್ದಾರೆ. ಕೆಲಸ ಮಾತ್ರ ಮೇಲಕ್ಕೆ ಹೋಯಿತು. ಅಲ್ಲಿನವರ ಗೊಣಗಾಟವೂ ಅದೇ, ನಾವು ಓಟು ಹಾಕಿದ ಮೇಯರ್ ಕೈಯಲ್ಲಿ ಈಗ ಏನೂ ಉಳಿದಿಲ್ಲ ಅಂತ.

ಹೊಸಮೆಂಬರ್, ನಿಮ್ಮ ಮೊದಲ ಭಯಕ್ಕೆ ಸುಳ್ಳು ಸಮಾಧಾನ ಹೇಳಲ್ಲ. ಹಂಚಿಕೆ ವಿಲೀನಕ್ಕೆ ಮೆಟ್ಟಿಲಾಗಬಹುದು. ಇಂಗ್ಲೆಂಡ್‌ನಲ್ಲಿ ಸಫೋಕ್ ಕೋಸ್ಟಲ್ ಮತ್ತು ವೇವ್ನಿ ಅಂತ ಎರಡು ಕೌನ್ಸಿಲ್‌ಗಳು 2008ರಿಂದ ಒಬ್ಬರೇ ಮುಖ್ಯಾಧಿಕಾರಿಯನ್ನು ಇಟ್ಟುಕೊಂಡಿದ್ದವು, ಆಮೇಲೆ ಸಿಬ್ಬಂದಿ ಒಂದಾದರು, 2019ರಲ್ಲಿ ಕೌನ್ಸಿಲ್‌ಗಳೇ ಸೇರಿ ಈಸ್ಟ್ ಸಫೋಕ್ ಆಯಿತು. ಟಾಂಟನ್ ಡೀನ್ ಮತ್ತು ವೆಸ್ಟ್ ಸಾಮರ್‌ಸೆಟ್ ಕೂಡ ಮೊದಲು ಸಿಬ್ಬಂದಿ ಹಂಚಿಕೊಂಡು ಅದೇ ವರ್ಷ ಒಂದಾದವು, ನಾಲ್ಕೇ ವರ್ಷಕ್ಕೆ, 2023ರಲ್ಲಿ, ಆ ಹೊಸದೂ ಇಡೀ ಸಾಮರ್‌ಸೆಟ್ ಕೌನ್ಸಿಲ್‌ನಲ್ಲಿ ಕರಗಿತು. ಒಳಗೆ ಕೆಲಸ ಮಾಡುವವರೆಲ್ಲ ಒಂದೇ ಆದ ಮೇಲೆ ಎರಡು ಬೋರ್ಡು ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ.

ಆದರೆ ಹಾಗೇ ಆಗಬೇಕು ಅಂತೇನಿಲ್ಲ. ಅದೇ ದೇಶದಲ್ಲಿ ಏಡರ್ ಮತ್ತು ವರ್ದಿಂಗ್ ಅಂತ ಸಮುದ್ರ ತೀರದ ಎರಡು ಕೌನ್ಸಿಲ್‌ಗಳು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಂದೇ ಸಿಬ್ಬಂದಿ ಇಟ್ಟುಕೊಂಡು ನಡೆಸಿದವು. ಚುನಾವಣೆ ಬೇರೆ, ತೆರಿಗೆ ದರ ಬೇರೆ, ಒಂದು ಜಂಟಿ ಸಮಿತಿ ಕೂತು ಸೇವೆಗಳ ವಿಷಯ ನೋಡುತ್ತಿತ್ತು. ಇದಕ್ಕೆ ಅಲ್ಲಿನ 1972ರ ಸ್ಥಳೀಯ ಆಡಳಿತ ಕಾಯ್ದೆಯಲ್ಲಿ ದಾರಿ ಇದೆ. 101ನೇ ಸೆಕ್ಷನ್ ಪ್ರಕಾರ ಒಂದು ಕೌನ್ಸಿಲ್ ತನ್ನ ಕೆಲಸವನ್ನು ಇನ್ನೊಂದಕ್ಕೋ ಜಂಟಿ ಸಮಿತಿಗೋ ವಹಿಸಬಹುದು, 113ರ ಪ್ರಕಾರ ತನ್ನ ನೌಕರರನ್ನು ಇನ್ನೊಂದು ಕೌನ್ಸಿಲ್‌ಗೆ ಒದಗಿಸಬಹುದು. ಭಾರತದ ಸಂವಿಧಾನದಲ್ಲೂ ಜಿಲ್ಲಾ ಯೋಜನಾ ಸಮಿತಿಯ ಬಗ್ಗೆ ಹೇಳುವ ವಿಧಿಯಲ್ಲಿ, ಪಂಚಾಯಿತಿಗಳಿಗೂ ನಗರಸಭೆಗಳಿಗೂ ಸಮಾನವಾದ ವಿಷಯಗಳು, ನೀರಿನ ಹಂಚಿಕೆ ಇವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತ ಬರೆದಿದೆ. ವಿಚಾರ ಹೊಸದೇನಲ್ಲ. ನಿಮ್ಮ ಠರಾವು ಯಾವ ಕಾನೂನಿನ ಯಾವ ಸೆಕ್ಷನ್ ಕೆಳಗೆ ಬರುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಅಧಿಕಾರವನ್ನೇ ವಹಿಸಿಕೊಡುವುದು ಬೇರೆ, ಸೇವೆಯನ್ನು ಖರೀದಿಸುವುದು ಬೇರೆ, ನೌಕರರನ್ನು ಎರವಲು ಪಡೆಯುವುದು ಬೇರೆ. ಮೂರಕ್ಕೂ ನಮ್ಮ ಜನ ಹಂಚಿಕೆ ಅಂತ ಒಂದೇ ಪದ ಬಳಸುತ್ತಾರೆ, ಗೊಂದಲ ಅಲ್ಲೇ ಹುಟ್ಟುತ್ತದೆ.

ಒಬ್ಬರೇ ಮುಖ್ಯಾಧಿಕಾರಿ ಅನ್ನೋದಕ್ಕೆ ಮಾತ್ರ ಈಗಲೇ ಕೈ ಎತ್ತಬೇಡಿ. ಹೊಸ ಕಸದ ಜಾಗ ಯಾರ ಎಲ್ಲೆಯಲ್ಲಿ ಮಾಡಬೇಕು ಅಂತ ಮೂರು ಕೌನ್ಸಿಲ್‌ಗಳಿಗೆ ಜಗಳ ಬಂದ ದಿನ ಆ ಒಬ್ಬ ಅಧಿಕಾರಿ ಯಾರಿಗೆ ಸಲಹೆ ಕೊಡುತ್ತಾರೆ? ಬೆಳಿಗ್ಗೆ ನಿಮಗೆ 'ಬೇಡ ಅನ್ನಿ' ಅಂತ, ಮಧ್ಯಾಹ್ನ ಅವರಿಗೆ 'ಅಲ್ಲೇ ಮಾಡಿ' ಅಂತಲಾ?

ಮಧ್ಯಾಹ್ನಪಾಳಿ

ಎಲ್ಲರೂ ಮೇಲಿನಿಂದ ಮಾತಾಡ್ತಿದ್ದೀರಿ. ನಾನು ಕಸದ ಗಾಡಿಯ ಮೇಲೆ ಆರು ವರ್ಷ ಇದ್ದವನು, ಈಗ ಷೆಡ್‌ನಲ್ಲಿ ಮೇಲ್ವಿಚಾರಕ. ನಮ್ಮಲ್ಲಿ ಎರಡು ಕೌನ್ಸಿಲ್ ಸೇರಿಸಿದಾಗ ಆದದ್ದು ಹೇಳ್ತೀನಿ.

ಒಂದೇ ಗಾಡಿ, ಇಬ್ಬರು ಲೋಡರ್. ಒಬ್ಬ ಈ ಕೌನ್ಸಿಲ್‌ನವನು, ಇನ್ನೊಬ್ಬ ಆ ಕೌನ್ಸಿಲ್‌ನವನು. ಒಂದೇ ಕೆಲಸ, ಒಂದೇ ಬೆವರು, ಸಂಬಳ ಬೇರೆ, ರಜೆ ಬೇರೆ, ಓವರ್‌ಟೈಮ್ ದರ ಬೇರೆ. ಮೊದಲ ತಿಂಗಳ ಸಂಬಳದ ಚೀಟಿ ಬಂದ ದಿನ ಇಬ್ಬರೂ ಅಕ್ಕಪಕ್ಕ ಇಟ್ಟು ನೋಡಿದರು. ಅಲ್ಲಿಂದ ಗಾಡಿಯಲ್ಲಿ ಮಾತೇ ನಿಂತು ಹೋಯಿತು. ಮೇಲಿನವರು ಇದನ್ನು ಆಮೇಲೆ ಸರಿ ಮಾಡೋಣ ಅಂದರು. ಆ ಆಮೇಲೆ ಬರಲು ನಾಲ್ಕು ವರ್ಷ ಬೇಕಾಯಿತು, ಸರಿ ಮಾಡಿದಾಗ ಕಡಿಮೆ ಇದ್ದವನದ್ದನ್ನು ಮೇಲೆ ತಂದರು, ಯಾಕಂದ್ರೆ ಜಾಸ್ತಿ ಇದ್ದವನದ್ದನ್ನು ಇಳಿಸಲು ಆಗಲ್ಲ. ಲೆಕ್ಕಪತ್ರ ಅವರೇ, ನಿಮ್ಮ ಉಳಿತಾಯದ ಕಾಲಂನಲ್ಲಿ ಇದು ಇತ್ತಾ?

ಆದರೆ ಒಳ್ಳೆಯದೂ ಆಯಿತು, ಅದನ್ನೂ ಹೇಳಬೇಕು. ಮೊದಲು ಗಾಡಿ ಕೆಟ್ಟರೆ ಆ ದಿನ ಕಸ ಅಲ್ಲೇ. ಈಗ ಎಂಟು ಗಾಡಿಗೆ ಒಂದು ಹೆಚ್ಚುವರಿ ಗಾಡಿ ನಿಂತಿರುತ್ತೆ, ಒಂದು ಕೆಟ್ಟರೆ ಅದು ಹೊರಡುತ್ತೆ. ಮೆಕ್ಯಾನಿಕ್ ಖಾಯಂ ಇದ್ದಾನೆ. ಕೈಗವಸು, ಬೂಟು ವರ್ಷಕ್ಕೆ ಎರಡು ಸಲ ತಪ್ಪದೆ ಬರುತ್ತವೆ, ಒಟ್ಟಿಗೆ ಟೆಂಡರ್ ಕರೆಯುತ್ತಾರೆ ಅಂತ. ಎರಡು ಊರಿನ ಗಡಿಯಲ್ಲಿ ಒಂದು ಬೀದಿ ಇತ್ತು, ಎಡಗಡೆ ಮನೆಗಳು ಒಬ್ಬರಿಗೆ, ಬಲಗಡೆ ಮನೆಗಳು ಇನ್ನೊಬ್ಬರಿಗೆ, ಎರಡು ಗಾಡಿ ಬೇರೆ ಬೇರೆ ದಿನ ಹೋಗುತ್ತಿದ್ದವು. ಎಡಗಡೆಯವರು ತಮ್ಮ ಗಾಡಿ ತಪ್ಪಿದರೆ ಕಸ ತಂದು ಬಲಗಡೆ ಇಡುತ್ತಿದ್ದರು, ಜಗಳವೋ ಜಗಳ. ಈಗ ಒಂದೇ ಗಾಡಿ, ಒಂದೇ ದಿನ, ಎರಡೂ ಕಡೆ. ಆ ಬೀದಿಯವರಿಗೆ ಕೌನ್ಸಿಲ್ ಸೇರಿದ್ದೇ ಗೊತ್ತಿಲ್ಲ, ಜಗಳ ನಿಂತದ್ದು ಗೊತ್ತು.

ಹಳೇಗುಮಾಸ್ತ

ಆ ಗಡಿ ಬೀದಿ ಪ್ರತಿ ಊರಲ್ಲೂ ಒಂದು ಇರುತ್ತದೆ ನೋಡಿ :) ಹೊಸಮೆಂಬರ್, ನಿಮ್ಮಲ್ಲಿ ಅದು ಎಲ್ಲಿದೆ ಅಂತ ಹುಡುಕಿ, ಅಲ್ಲಿಂದಲೇ ಶುರು ಮಾಡಬಹುದು.

ನಕ್ಷೆಗಾರ

ಸ್ವಲ್ಪ ತಡವಾಗಿ ಬಂದೆ. ಬಿಟ್ಟು ಹೋಗುವ ವಿಷಯ ಯಾರೂ ಪೂರ್ತಿ ಹೇಳಲಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ.

ಲಂಡನ್‌ನಲ್ಲಿ ಮೂರು ಕೌನ್ಸಿಲ್‌ಗಳು, ವೆಸ್ಟ್‌ಮಿನ್‌ಸ್ಟರ್, ಕೆನ್ಸಿಂಗ್‌ಟನ್ ಮತ್ತು ಚೆಲ್ಸಿ, ಹ್ಯಾಮರ್‌ಸ್ಮಿತ್ ಮತ್ತು ಫುಲಮ್, 2011ರಲ್ಲಿ ಸೇರಿ ಮಕ್ಕಳ ಸೇವೆ, ವಯಸ್ಕರ ಆರೈಕೆ, ಲೈಬ್ರರಿ ಇವನ್ನೆಲ್ಲ ಒಟ್ಟಿಗೆ ನಡೆಸಲು ಶುರು ಮಾಡಿದವು. ಆಗ ಮೂರರಲ್ಲೂ ಕನ್ಸರ್ವೇಟಿವ್ ಪಕ್ಷದವರೇ. 2014ರ ಚುನಾವಣೆಯಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ಲೇಬರ್ ಪಕ್ಷ ಬಂತು. ಸಂಬಂಧ ಹಳಸಿತು. 2017ರಲ್ಲಿ ಉಳಿದ ಇಬ್ಬರು ದೊಡ್ಡ ಸೇವೆಗಳಿಂದ ಬೇರೆಯಾಗುವ ನೋಟಿಸ್ ಕೊಟ್ಟರು, 2018ರಲ್ಲಿ ಅವು ಬೇರೆಯಾದವು, ಆ ಇಬ್ಬರು ತಮ್ಮಲ್ಲೇ ಹಂಚಿಕೆ ಮುಂದುವರಿಸಿದರು. ಅಲ್ಲಿ ನೋಟಿಸ್ ಅವಧಿ ಅಂತ ಒಂದು ಇತ್ತು, ಹಾಗಾಗಿ ಮಕ್ಕಳ ಆರೈಕೆ ನಡುರಸ್ತೆಯಲ್ಲಿ ನಿಲ್ಲಲಿಲ್ಲ. ನಿಮ್ಮ ಮೂರು ಕೌನ್ಸಿಲ್‌ಗಳಲ್ಲೂ ಈಗ ಒಂದೇ ಪಕ್ಷದವರು ಇದ್ದಾರಾ, ಅಧ್ಯಕ್ಷರುಗಳು ಒಬ್ಬರಿಗೊಬ್ಬರು ಸ್ನೇಹಿತರಾ? ಹಾಗಿದ್ದರೆ ಇನ್ನೂ ಜಾಗ್ರತೆ, ಒಪ್ಪಂದದ ಬದಲು ಸ್ನೇಹದ ಮೇಲೆ ನಡೆಸಿಬಿಡುತ್ತಾರೆ.

ಇನ್ನೊಂದು ಉದಾಹರಣೆ ಸಾಮರ್‌ಸೆಟ್‌ನದ್ದೇ. 2007ರಲ್ಲಿ ಕೌಂಟಿ (ನಮ್ಮ ಜಿಲ್ಲೆಯ ಥರ) ಕೌನ್ಸಿಲ್ ಮತ್ತು ಟಾಂಟನ್ ಡೀನ್ ಸೇರಿ ಐಬಿಎಂ ಜೊತೆ 'ಸೌತ್‌ವೆಸ್ಟ್ ಒನ್' ಅನ್ನೋ ಜಂಟಿ ಕಂಪನಿ ಮಾಡಿದವು, ಪೊಲೀಸ್ ಇಲಾಖೆಯೂ ಸೇರಿತು. ಹತ್ತು ವರ್ಷದ ಒಪ್ಪಂದ. ಹಣಕಾಸು, ಖರೀದಿ, ಐಟಿ ಎಲ್ಲ ಅದಕ್ಕೆ. ಹೇಳಿದಷ್ಟು ಉಳಿತಾಯ ಬರಲಿಲ್ಲ, ಹೊಸ ಸಾಫ್ಟ್‌ವೇರ್ ತಲೆನೋವಾಯಿತು, ಕೌಂಟಿ ಒಂದೊಂದೇ ಸೇವೆ ವಾಪಸ್ ತಗೊಂಡು ಕೊನೆಗೆ ಅವಧಿಗೂ ಮೊದಲೇ ಒಪ್ಪಂದ ಮುಗಿಸಿತು. ಕೌನ್ಸಿಲ್‌ಗಳು ತಮ್ಮೊಳಗೆ ಹಂಚಿಕೊಳ್ಳೋದು ಒಂದು, ಮಧ್ಯೆ ಲಾಭ ಮಾಡಬೇಕಾದ ಕಂಪನಿ ಬರೋದು ಇನ್ನೊಂದು. ನಿಮ್ಮ ವರದಿಯಲ್ಲಿ 'ಪಾಲುದಾರ ಸಂಸ್ಥೆ' ಅನ್ನೋ ಮಾತು ಎಲ್ಲಾದರೂ ನುಸುಳಿದೆಯಾ ನೋಡಿ.

ಕ್ಯಾಲಿಫೋರ್ನಿಯಾದ ಲೇಕ್‌ವುಡ್ ಇದಕ್ಕೆ ಉಲ್ಟಾ. 1954ರಲ್ಲಿ ಅದು ನಗರ ಆದಾಗ ಪಕ್ಕದ ಲಾಂಗ್ ಬೀಚ್ ಅದನ್ನು ನುಂಗುವ ಭಯ ಇತ್ತು. ಸ್ವಂತ ಪೊಲೀಸು, ಸ್ವಂತ ಅಗ್ನಿಶಾಮಕ ಕಟ್ಟಲು ಹೋಗದೆ ಲಾಸ್ ಏಂಜಲೀಸ್ ಕೌಂಟಿಯಿಂದಲೇ ಸೇವೆಗಳನ್ನು ಒಪ್ಪಂದದ ಮೇಲೆ ತಗೊಂಡರು. ಹಾಗಾಗಿ ಸೇವೆ ಹಂಚಿಕೊಂಡರೆ ಊರು ಮುಳುಗುತ್ತದೆ ಅಂತ ಮಾತ್ರವಲ್ಲ, ಹಂಚಿಕೊಂಡದ್ದರಿಂದಲೇ ಊರು ಉಳಿದದ್ದೂ ಇದೆ. ಏನು ಬೇಕು ಎಷ್ಟು ಬೇಕು ಅಂತ ಅವರು ವರ್ಷ ವರ್ಷ ಕೂತು ಹೇಳುತ್ತಿದ್ದರು, ಅದು ಮುಖ್ಯ. ನಿಮ್ಮ ಕಚೇರಿಯಲ್ಲಿ ಕಸದ ಕೆಲಸ ಗೊತ್ತಿರುವ ಒಬ್ಬರನ್ನಾದರೂ ಉಳಿಸಿಕೊಳ್ಳಿ. ಎಲ್ಲರನ್ನೂ ಆ ಕಡೆ ಕಳಿಸಿಬಿಟ್ಟರೆ ಸೇವೆ ಸರಿ ಇದೆಯಾ ಅಂತ ಕೇಳಲು ಕೂಡ ನಿಮ್ಮಲ್ಲಿ ತಿಳಿದವರು ಇರಲ್ಲ.

ಬಿಟ್ಟು ಹೋಗುವ ಷರತ್ತಿನಲ್ಲಿ ಇರಬೇಕಾದದ್ದು ನಾಲ್ಕೇ ವಿಷಯ. ಎಷ್ಟು ತಿಂಗಳ ನೋಟಿಸ್. ಒಟ್ಟಿಗೆ ಕೊಂಡ ಗಾಡಿ ಯಾರಿಗೆ, ಯಾವ ಬೆಲೆಗೆ. ನೌಕರರು ಎಲ್ಲಿಗೆ ವಾಪಸ್. ನಿಮ್ಮ ಊರಿನ ತೆರಿಗೆ ದಾಖಲೆಯನ್ನು ಬೇರೆ ಯಾವ ಸಿಸ್ಟಂನಲ್ಲಾದರೂ ತೆರೆಯಲು ಬರುವ ರೂಪದಲ್ಲಿ ವಾಪಸ್ ಕೊಡಬೇಕು ಅನ್ನೋದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ ದಾಖಲೆಗಳನ್ನು ವಾಪಸ್ ಕೇಳಿದರೆ ಪೆಟ್ಟಿಗೆಗಟ್ಟಲೆ ಪ್ರಿಂಟ್ ತಂದು ಇಳಿಸಿದರು.

ಒಂದೇಮಾತು

ಸರಿ, ಲೇಕ್‌ವುಡ್ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಮೂರು ಕಾರಿನ ಮಾತು ವಾಪಸ್ ತಗೊಳ್ಳಲ್ಲ.

ಹೊಸಮೆಂಬರ್

ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ನಿಮ್ಮ ಪ್ರಶ್ನೆಗಳನ್ನು ಹಿಡಿದು ಆ ನಲವತ್ತು ಪುಟ ಮತ್ತೆ ಓದಿದೆ. ಬಿಟ್ಟು ಹೋಗುವ ಷರತ್ತು ಇಲ್ಲವೇ ಇಲ್ಲ. 'ಪಾಲುದಾರ ಸಂಸ್ಥೆ' 31ನೇ ಪುಟದಲ್ಲಿ ಒಂದು ಸಲ ಇದೆ, ನಕ್ಷೆಗಾರರೇ, ಅದು ಯಾರು ಅಂತ ಇಲ್ಲ. ಸಂಬಳದ ವ್ಯತ್ಯಾಸದ ಬಗ್ಗೆ ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು ಅಂತ ಒಂದು ಸಾಲು. ಮಧ್ಯಾಹ್ನಪಾಳಿ ಅವರು ಹೇಳಿದ ಆಮೇಲೆ ಅಂದರೆ ಇದೇ ಇರಬೇಕು.

ಊರುಗಳ ದೂರ: ಒಂದು ನಮಗೆ ಅಂಟಿಕೊಂಡೇ ಇದೆ. ಇನ್ನೊಂದಕ್ಕೆ ಮಧ್ಯೆ ಸಾಕಷ್ಟು ಖಾಲಿ ದಾರಿ. ಲಾರಿಯ ಲೆಕ್ಕದಲ್ಲಿ ಆ ದಾರಿ ಇಲ್ಲ, ಮೂರೂ ಪಕ್ಕಪಕ್ಕದಲ್ಲಿ ಇದ್ದ ಹಾಗೆ ಲೆಕ್ಕ ಹಾಕಿದ್ದಾರೆ!

ಹಾಗಾಗಿ ನಾನು ಅಂದುಕೊಂಡಿರೋದು ಹೀಗೆ. ಠರಾವನ್ನು ಆರು ಭಾಗ ಮಾಡಿ ಅಂತ ತಿದ್ದುಪಡಿ ಕೊಡುತ್ತೇನೆ. ಸಂಬಳದ ಕೆಲಸ ಮತ್ತು ತೆರಿಗೆ ಬಿಲ್‌ಗೆ ಮೂರೂ ಕೌನ್ಸಿಲ್ ಸೇರಿ ಆಗಲಿ. ಕಸ ಪಕ್ಕದ ಊರಿನ ಜೊತೆ ಮಾತ್ರ. ನಕ್ಷೆ ನೋಡಲು ಇಬ್ಬರು ಇಂಜಿನಿಯರ್‌ಗಳನ್ನು ಮೂರು ಕಡೆಗೂ ಇಟ್ಟು, ಸಹಿ ಮಾತ್ರ ಆಯಾ ಊರಿನಲ್ಲೇ. ಸಕಿಂಗ್ ಮಷಿನ್ ಬಗ್ಗೆ ಇನ್ನೂ ಗೊತ್ತಾಗ್ತಿಲ್ಲ, ನಮ್ಮದು ನಿಜವಾಗಿ ಎಷ್ಟು ದಿನ ಸುಮ್ನೆ ನಿಂತಿರುತ್ತೆ ಅಂತಲೇ ಯಾರಿಗೂ ಗೊತ್ತಿಲ್ಲ. ಮುಖ್ಯಾಧಿಕಾರಿ ವಿಷಯಕ್ಕೆ ಬೇಡ ಅಂತೀನಿ. ಒಂಟಿ ಆಗಬಹುದು, ನೋಡೋಣ.

ಮಧ್ಯಾಹ್ನಪಾಳಿ

ಮಷಿನ್‌ಗೆ ಲಾಗ್‌ಬುಕ್ ಇರುತ್ತೆ. ಡ್ರೈವರ್ ಹತ್ತಿರ ಕೇಳಿ, ಆಫೀಸಿನಲ್ಲಿ ಕೇಳಬೇಡಿ. ಮಳೆ ತಿಂಗಳದ್ದು ಬೇರೆ, ಬೇಸಿಗೆಯದ್ದು ಬೇರೆ ಎಣಿಸಿ.

ಹೊಸಮೆಂಬರ್

ನಾಳೆ ಬೆಳಿಗ್ಗೆ ಷೆಡ್‌ಗೆ ಹೋಗ್ತೀನಿ.

ಲೆಕ್ಕಪತ್ರ

ಎಣಿಸಿದ ಮೇಲೆ ಇಲ್ಲೇ ಹಾಕಿ, ಕೂಡಿ ಕಳೆಯೋಕೆ ನಾನಿದ್ದೀನಿ. ಆ ಖಾಲಿ ದಾರಿ ಎಷ್ಟು ಕಿಲೋಮೀಟರ್ ಅನ್ನೋದನ್ನೂ ಹಾಕಿ.